ಮೂರು ಅಲೈನ್‌ಮೆಂಟ್ ಆದರೂ ನೆಟ್ಟಗೆ ಓಡದ ಪಿಕಪ್: ಒಂದು ಪ್ರಕರಣ ಅಧ್ಯಯನ

ಇಂಡಿ ಕಡೆಯಿಂದ ಪುಣೆಯ ಗುಲ್ಟೇಕಡಿ ಮಾರ್ಕೆಟ್ ಯಾರ್ಡ್‌ಗೆ ಲಿಂಬೆಹಣ್ಣು ಹೊರುವ ಪಿಕಪ್ ಇದು. ಸೊಲ್ಲಾಪುರದಿಂದ ಈಚೆಗೆ ರಾಷ್ಟ್ರೀಯ ಹೆದ್ದಾರಿ 65. ಒಂದು ಬದಿಯ ಓಟವೇ ಮುನ್ನೂರು ಕಿ.ಮೀ. ಮೀರುತ್ತದೆ. ಮೀಟರ್ 1,80,000 ಕಿ.ಮೀ. ದಾಟಿದೆ. ಮುಂದಿನ ಎರಡೂ ಚಕ್ರಗಳಿಗೆ ಮೇಲೊಂದು ಕೆಳಗೊಂದು ಆರ್ಮ್ (ಚಕ್ರವನ್ನು ಚಾಸಿಗೆ ಜೋಡಿಸುವ ತೋಳು), ಕೆಳ ಆರ್ಮ್‌ಗೆ ಟಾರ್ಶನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗ್‌ನ ಕೆಲಸ ಮಾಡುವ ಸಲಾಕೆ. ಸ್ಟೇರಿಂಗ್ ಹೈಡ್ರಾಲಿಕ್ ಪವರ್, ಆದರೆ ರ‍್ಯಾಕ್ ಇಲ್ಲ. ಬಲಗಡೆ ಸ್ಟೇರಿಂಗ್ ಬಾಕ್ಸ್ (ಹಲ್ಲುಗಳ ಪೆಟ್ಟಿಗೆ) ಮತ್ತು ಅದು ತಿರುಗಿಸುವ ಪಿಟ್‌ಮನ್ ಆರ್ಮ್, ಎಡಗಡೆ ಅದರ ಜೊತೆಗೇ ಆಡುವ ಐಡ್ಲರ್ ಆರ್ಮ್, ನಡುವೆ ಎರಡನ್ನೂ ಜೋಡಿಸುವ ಸೆಂಟರ್ ಲಿಂಕ್, ಅದರಿಂದ ಎರಡೂ ಚಕ್ರಕ್ಕೆ ಟೈ ರಾಡ್. ಈ ಕೊಂಡಿಗಳ ಸಾಲೇ ಲಿಂಕೇಜ್.

ಹಡಪ್ಸರ್ ಕಡೆಯ ಗ್ಯಾರೇಜಿಗೆ ಗಾಡಿ ಬಂದಾಗ ಚಾಲಕ ಹೇಳಿದ್ದು ಇಷ್ಟು: "ಅಣ್ಣಾ, ಅರವತ್ತರ ಮ್ಯಾಲ ಹೋತಂದ್ರ ಗಾಡಿ ಒಂದ ಲೈನ್‌ನ್ಯಾಗ ನಿಲ್ಲಂಗಿಲ್ಲ. ತಿರುವಿನ್ಯಾಗ ಹೊಳ್ಳಿಸಿದ್ರ ಸ್ಟೇರಿಂಗ್ ತಾನಾಗೇ ವಾಪಸ್ ಬರಂಗಿಲ್ಲ. ಬಾಕ್ಸ್ ಹೋಗೇತಿ ಅಂತಾರ ಎಲ್ಲಾರೂ."

"ಮಾಲ್ ಇದ್ದಾಗೋ, ಖಾಲಿ ಇದ್ದಾಗೋ ತಮ್ಮಾ?" ಎಂದು ಕೇಳಿದರು ಕಲಬುರಗಿ ಕಡೆಯ ಮಿಸ್ತ್ರಿ.

"ಎರಡೂ ಸಲ. ಮಾಲ್ ಇದ್ದಾಗ ಜಾಸ್ತಿ. ತಗ್ಗಿನ್ಯಾಗ ಇಳದ್ರ ಎಡಕ್ಕ ಧಡ್ ಅಂತೈತಿ."

ಹಿಂದಿನ ಒಂದು ವರ್ಷದಲ್ಲಿ ಬೇರೆ ಬೇರೆ ಕಡೆ ಆದ ಕೆಲಸ: ಹೊರಗಿನ ಟೈ ರಾಡ್ ಎಂಡ್ ಎರಡು ಸಲ ಬದಲು, ಅಲೈನ್‌ಮೆಂಟ್ (ಚಕ್ರಗಳ ಕೋನ ಹೊಂದಿಸುವುದು) ಮೂರು ಸಲ, ಎಡ ಮುಂದಿನ ಟೈರ್ ಒಂದು ಸಲ ಹೊಸದು, ಮೇಲಿನ ಆರ್ಮ್‌ಗಳ ಬುಶ್ (ಕೀಲಿನೊಳಗಿನ ರಬ್ಬರ್ ಕೊಳವೆ) ಒಂದು ಸಲ, ಕೊನೆಗೆ ಬಾಕ್ಸ್ "ಟೈಟ್". ಇಷ್ಟಾದ ಮೇಲೂ ಹೊಸ ಟೈರ್‌ನ ಒಳಅಂಚು ತಂತಿ ಕಾಣುವ ಹಂತಕ್ಕೆ ಬಂದಿತ್ತು.

ಟೈರ್ ಹೇಳಿದ ಮಾತು

ಬಿಚ್ಚುವ ಮೊದಲು ಟೈರ್ ಓದಬೇಕು. ಎಡ ಟೈರ್‌ನ ಒಳಅಂಚು ನುಣ್ಣಗೆ ಸವೆದಿತ್ತು. ಇದು ಕ್ಯಾಂಬರ್, ಅಂದರೆ ಚಕ್ರದ ತಲೆಯ ವಾಲು, ಒಳಕ್ಕೆ ಆಗಿದ್ದರ ಗುರುತು. ಅದರ ಜೊತೆಗೇ ಇನ್ನೊಂದು ಗುರುತೂ ಇತ್ತು. ಅಂಗೈಯನ್ನು ಹೊರಗಿನಿಂದ ಒಳಕ್ಕೆ ಸವರಿದರೆ ಟ್ರೆಡ್‌ನ ಅಂಚುಗಳು ಗರಗಸದಂತೆ ಚುಚ್ಚುತ್ತಿದ್ದವು, ಒಳಗಿನಿಂದ ಹೊರಕ್ಕೆ ಸವರಿದರೆ ನುಣುಪು. ಚಕ್ರದ ಮೂತಿ ಹೊರಕ್ಕೆ ತಿರುಗಿ, ಅಂದರೆ ಟೋ-ಔಟ್ ಆಗಿ, ಉಜ್ಜಿಕೊಂಡು ಓಡಿದೆ ಎಂದರ್ಥ. ಟೋ-ಇನ್ ಹೆಚ್ಚಾಗಿದ್ದರೆ ಚುಚ್ಚುವ ದಿಕ್ಕು ತಿರುವುಮುರುವಾಗುತ್ತದೆ. ಬಲ ಟೈರ್‌ನಲ್ಲಿ ಎರಡನೇ ಗುರುತು ತೆಳ್ಳಗೆ, ಮೊದಲನೆಯದು ಇಲ್ಲ.

ಚಾಲಕನ ಬಳಿಯಿದ್ದ ಕೊನೆಯ ಅಲೈನ್‌ಮೆಂಟ್ ಚೀಟಿಯಲ್ಲಿ ಟೋ-ಇನ್ 1 ಮಿ.ಮೀ. ಎಂದಿತ್ತು. ಯಂತ್ರ ಸುಳ್ಳು ಹೇಳಿರಲಿಲ್ಲ. ಗಾಡಿ ನಿಂತಿರುವಾಗ ಲಿಂಕೇಜ್ ಎಲ್ಲಿ ಒರಗಿದೆಯೋ ಅಲ್ಲಿಯ ಲೆಕ್ಕವನ್ನು ಅದು ಕೊಟ್ಟಿದೆ. ಹಿಂಚಕ್ರ ಎಳೆಯುವ ಗಾಡಿಯಲ್ಲಿ ಓಡುವಾಗ ರಸ್ತೆಯ ತಡೆ ಮುಂಚಕ್ರಗಳನ್ನು ಹಿಂದಕ್ಕೆ ತಳ್ಳುತ್ತದೆ, ಚಕ್ರದ ಮುಂಭಾಗ ಹೊರಕ್ಕೆ ಬಿಚ್ಚಿಕೊಳ್ಳಲು ನೋಡುತ್ತದೆ. ನಿಂತಾಗ ಸ್ವಲ್ಪ ಟೋ-ಇನ್ ಕೊಡುವುದೇ ಈ ಕಾರಣಕ್ಕೆ. ಜಾಯಿಂಟ್‌ಗಳಲ್ಲಿ ಸಡಿಲವಿದ್ದರೆ ಆ ಒಂದೆರಡು ಮಿ.ಮೀ. ಯಾವ ಲೆಕ್ಕಕ್ಕೂ ಸಾಲುವುದಿಲ್ಲ. ಪರೀಕ್ಷೆಗೆಂದು ಎರಡೂ ಮುಂದಿನ ಟೈರ್‌ಗಳ ಮುಂಭಾಗವನ್ನು ಇಬ್ಬರು ಹೊರಕ್ಕೆ ಜಗ್ಗಿ ಹಿಡಿದು ಟೇಪಿನಲ್ಲಿ ಅಳೆದಾಗ ಟೋ 7 ಮಿ.ಮೀ. ಔಟ್ ಬಂತು, ಬಿಟ್ಟು ಒಳಕ್ಕೆ ಒತ್ತಿದಾಗ 1 ಮಿ.ಮೀ. ಇನ್. ಎಂಟು ಮಿ.ಮೀ. ಓಲಾಡುವ ಗಾಡಿಗೆ ಅಲೈನ್‌ಮೆಂಟ್ ಮಾಡುವುದು ಟೈರ್ ಅಂಗಡಿಗೆ ಮಾತ್ರ ಲಾಭ.

ಪ್ಲೇ ಎಲ್ಲಿದೆ

ಸ್ಟೇರಿಂಗ್ ಚಕ್ರದ ವ್ಯಾಸ 380 ಮಿ.ಮೀ. ಎಂಜಿನ್ ಚಾಲೂ ಇಟ್ಟು, ಚಕ್ರಗಳು ನೆಲದ ಮೇಲಿರುವಾಗಲೇ, ಅಂಚಿನಲ್ಲಿ ಅಳೆದ ಒಟ್ಟು ಪ್ಲೇ (ಗಾಡಿಯ ಚಕ್ರ ಅಲುಗದೆಯೇ ಸ್ಟೇರಿಂಗ್ ಆಡುವ ಸಡಿಲ) 70 ಮಿ.ಮೀ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 98ನೇ ನಿಯಮ ಸ್ಟೇರಿಂಗ್‌ನಲ್ಲಿ 30 ಡಿಗ್ರಿಗಿಂತ ಹೆಚ್ಚು ಪ್ಲೇ ಇರಬಾರದು ಎನ್ನುತ್ತದೆ. ಈ ಚಕ್ರದಲ್ಲಿ 30 ಡಿಗ್ರಿ ಅಂದರೆ ಹತ್ತಿರ ಹತ್ತಿರ 100 ಮಿ.ಮೀ. ಈ ಗಾಡಿಯದು 21 ಡಿಗ್ರಿ, ಹಾಗಾಗಿ ಪಾಸಿಂಗ್‌ನಲ್ಲಿ (ಫಿಟ್‌ನೆಸ್ ತಪಾಸಣೆಯಲ್ಲಿ) ಸಿಕ್ಕಿಬೀಳದು. ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ನೋಡುವುದಿಲ್ಲ: ಲಿಂಕೇಜ್‌ನ ಬಾಲ್ ಜಾಯಿಂಟ್‌ಗಳಿಗೆಲ್ಲ (ಗುಂಡಿನ ಕೀಲುಗಳಿಗೆ) ರಬ್ಬರ್ ಟೋಪಿ ಇರಬೇಕು, ಬೋಲ್ಟು-ಪಿನ್ನುಗಳು ಲಾಕ್ ಆಗಿರಬೇಕು. ಈ ಗಾಡಿಯಲ್ಲಿ ಎರಡು ಟೋಪಿ ಹರಿದಿದ್ದವು, ಒಂದು ಕಡೆ ಕಾಟರ್ ಪಿನ್ (ನಟ್ ಬಿಚ್ಚದಂತೆ ತೂರಿಸಿ ಮಡಚುವ ಪಿನ್) ಬದಲು ಬೈಂಡಿಂಗ್ ತಂತಿ ಸುತ್ತಿತ್ತು.

ಎಪ್ಪತ್ತು ಮಿ.ಮೀ. ಯಾರ ಪಾಲಿನದು ಎಂದು ಹಂಚುವುದೇ ಈ ಪ್ರಕರಣದ ತಿರುಳು. ಸ್ಟೇರಿಂಗ್ ಅಂಚಿಗೆ ಟೇಪ್ ಅಂಟಿಸಿ ಗೆರೆ ಹಾಕಿ, ಒಬ್ಬ ಮೇಲೆ ಕೂತು ನಿಧಾನಕ್ಕೆ ತಿರುಗಿಸುತ್ತ ಹೋದ. ಗಾಡಿಯ ಕೆಳಗಿನ ಗುಂಡಿಯಲ್ಲಿ ನಿಂತವನು ಪ್ರತಿ ಜಾಯಿಂಟ್ ಮೇಲೆ ಎರಡು ಬೆರಳಿಟ್ಟು, ಅದು ಅಲುಗಿದ ಕ್ಷಣ "ಹ್ಞಾಂ" ಎಂದ. ಪಿಟ್‌ಮನ್ ಆರ್ಮ್ ಅಲುಗಿದ್ದು 12 ಮಿ.ಮೀ.ಗೆ. ಸೆಂಟರ್ ಲಿಂಕ್‌ನ ಬಲತುದಿ 17ಕ್ಕೆ. ಬಲ ಚಕ್ರ 28ಕ್ಕೆ. ಎಡ ಚಕ್ರ 70ಕ್ಕೆ.

ಎಲ್ಲರೂ ಬೈದ ಬಾಕ್ಸ್‌ನ ಪಾಲು, ಮೇಲಿನ ಕಪ್ಲಿಂಗ್ ಸೇರಿಸಿ, ಹನ್ನೆರಡೇ. ಬಲಕ್ಕೂ ಎಡಕ್ಕೂ ನಡುವೆ ಇರುವ 42 ಮಿ.ಮೀ. ಐಡ್ಲರ್ ಮತ್ತು ಎಡ ಟೈ ರಾಡ್‌ನಲ್ಲೇ ಇರಬೇಕು. ಐಡ್ಲರ್ ತುದಿಯನ್ನು ಕೈಯಿಂದ ಎತ್ತಿ ಒತ್ತಿದಾಗ 9 ಮಿ.ಮೀ. ಮೇಲೆ-ಕೆಳಗೆ ಹೋಯಿತು. ಸುಮಾರು 11 ಕೆ.ಜಿ. ಒತ್ತಡಕ್ಕೆ ಒಟ್ಟು 6 ಮಿ.ಮೀ. ಎನ್ನುವುದು ಇಂಥ ಐಡ್ಲರ್‌ಗಳಿಗೆ ಬಹುತೇಕ ಕಡೆ ಒಪ್ಪಿರುವ ಕೊನೆಯ ಮಿತಿ. ಐಡ್ಲರ್ ಮೇಲೆ-ಕೆಳಗೆ ಆಡಿದರೆ ಸೆಂಟರ್ ಲಿಂಕ್‌ನ ಎಡತುದಿ ಏರಿಳಿಯುತ್ತದೆ, ಎಡ ಟೈ ರಾಡ್‌ನ ಕೋನ ಬದಲಾಗುತ್ತದೆ, ಪ್ರತಿ ತಗ್ಗಿಗೂ ಎಡ ಚಕ್ರ ತಾನೇ ತಿರುಗುತ್ತದೆ. ಚಾಲಕ ಅದನ್ನು ತಿದ್ದಲು ಹೋಗುವಷ್ಟರಲ್ಲಿ ಅದು ಮತ್ತೆ ಇನ್ನೊಂದು ಕಡೆಗೆ. ಎಡ ಒಳಗಿನ ಟೈ ರಾಡ್ ಎಂಡ್ ಕೂಡ ಸಡಿಲ. ಹಿಂದೆ ಎರಡು ಸಲ ಬದಲಾದದ್ದು ಹೊರಗಿನದು, ಯಾಕೆಂದರೆ ಅದು ಕಣ್ಣಿಗೆ ಬೀಳುತ್ತದೆ, ಕೈಗೆ ಸಿಗುತ್ತದೆ.

ಜ್ಯಾಕ್ ಎಲ್ಲಿ ಕೊಟ್ಟಿರಿ ಎಂಬುದರ ಮೇಲೆ ಬಾಲ್ ಜಾಯಿಂಟ್‌ನ ಸತ್ಯ ನಿಂತಿದೆ. ಸ್ಪ್ರಿಂಗ್ ಭಾರ ಯಾವ ಆರ್ಮ್ ಮೇಲಿದೆಯೋ ಆ ಆರ್ಮ್ ಕೆಳಗೇ ಜ್ಯಾಕ್ ಬರಬೇಕು. ಇಲ್ಲಿ ಟಾರ್ಶನ್ ಬಾರ್ ಕೆಳ ಆರ್ಮ್‌ಗೆ ಇರುವುದರಿಂದ, ಕೆಳ ಆರ್ಮ್‌ಗೇ, ಬಾಲ್ ಜಾಯಿಂಟ್‌ಗೆ ಆದಷ್ಟು ಹತ್ತಿರ. ಚಾಸಿಗೆ ಜ್ಯಾಕ್ ಕೊಟ್ಟು ಚಕ್ರ ಜೋತುಬಿಟ್ಟರೆ ಬಾರ್ ಆರ್ಮ್ ಅನ್ನು ಕೆಳಕ್ಕೆ ಒತ್ತುತ್ತಲೇ ಇರುತ್ತದೆ. ಸವೆದ ಜಾಯಿಂಟೂ ಬಿಗಿಯಾಗಿ ತೋರುತ್ತದೆ. ಈ ಗಾಡಿಯ ಬಾಲ್ ಜಾಯಿಂಟ್ "ಓಕೆ" ಎಂದು ಹಿಂದೆ ಬರೆದುಕೊಟ್ಟದ್ದು ಹೀಗೇ ಇರಬೇಕು. ಸರಿಯಾದ ಜಾಗದಲ್ಲಿ ಎತ್ತಿ, ಟೈರ್ ಕೆಳಗೆ ಸಬ್ಬಲ್ ತೂರಿಸಿ ಮೀಟಿದಾಗ ಎಡ ಕೆಳ ಜಾಯಿಂಟ್ 3.5 ಮಿ.ಮೀ. ಏರಿತು, ಬಲದ್ದು 1.2. ಮೇಲಿನ ಎರಡು ಜಾಯಿಂಟ್‌ಗಳಲ್ಲಿ ಡಯಲ್ ಗೇಜ್‌ಗೂ ಏನೂ ಸಿಗಲಿಲ್ಲ, ಟೋಪಿಗಳೂ ಗಟ್ಟಿ.

ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸುವಾಗ ವೀಲ್ ಬೇರಿಂಗ್ ಮೋಸ ಮಾಡಬಹುದು. ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ: ಪ್ಲೇ ಮಾಯವಾದರೆ ಬೇರಿಂಗ್, ಉಳಿದರೆ ಜಾಯಿಂಟ್. ಇಲ್ಲಿ ಎಡ ಬೇರಿಂಗ್‌ನಲ್ಲೂ ಕೊಂಚ ಇತ್ತು, ರೋಲರ್ ಮಾತ್ರ ಚೆನ್ನಾಗಿದ್ದವು.

ಉಳಿದದ್ದು ಮೇಲಿನ ಆರ್ಮ್‌ನ ಬುಶ್. ಗಾಡಿಯನ್ನು ನಿಧಾನಕ್ಕೆ ಹಿಂದೆ-ಮುಂದೆ ಓಡಿಸಿ ಬ್ರೇಕ್ ಒತ್ತಿದಾಗ ಎಡ ಚಕ್ರ ಮಡ್‌ಗಾರ್ಡ್ ಒಳಗೆ ಹಿಂದಕ್ಕೆ ಸರಿದು ಧಡ್ ಎನ್ನುತ್ತಿತ್ತು. ನಾಲ್ಕೂ ಬುಶ್‌ಗಳ ರಬ್ಬರ್ ಒಳಗಿನ ಕೊಳವೆಯಿಂದ ಕಿತ್ತುಬಂದಿತ್ತು, ಹಾಕಿ ವರ್ಷವೂ ಆಗಿರಲಿಲ್ಲ. ರಬ್ಬರ್ ಮೆದುವಾಗಿಯೇ ಇತ್ತು, ಒಣಗಿ ಬಿರಿದಿರಲಿಲ್ಲ; ಹಾಗಾದರೆ ಮಾಲು ಕೆಟ್ಟದ್ದಲ್ಲ, ಹಾಕಿದ ರೀತಿ ಕೆಟ್ಟದ್ದು. ಅದರ ಮಾತು ಮುಂದಿದೆ.

ಎಡಗಡೆ ಗಾಡಿ ಬಲಕ್ಕಿಂತ 20 ಮಿ.ಮೀ. ತಗ್ಗಿತ್ತು. ಟಾರ್ಶನ್ ಬಾರ್‌ನ ತಿರುಚು ಹೊಂದಿಸುವ ಆಂಕರ್ ಬೋಲ್ಟ್ ನೋಡಿದಾಗ ಹೊರಗೆ ಕಾಣುವ ನೂಲು (ಬೋಲ್ಟ್‌ನ ಸುರುಳಿಗೆರೆ) ಬಲಕ್ಕೂ ಎಡಕ್ಕೂ ಒಂದೇ ಇರಲಿಲ್ಲ. ಬುಶ್ ಹಾಕುವಾಗ ಗುರುತು ಹಾಕದೆ ಸಡಿಲಿಸಿ, ಅಂದಾಜಿನ ಮೇಲೆ ವಾಪಸ್ ಬಿಗಿದದ್ದು. ಗಾಡಿ ತಗ್ಗಿದರೆ ಚಿಕ್ಕ ಮೇಲಿನ ಆರ್ಮ್ ಚಕ್ರದ ತಲೆಯನ್ನು ಒಳಕ್ಕೆ ಎಳೆಯುತ್ತದೆ. ಎಡ ಕ್ಯಾಂಬರ್ ಮೈನಸ್ 1 ಡಿಗ್ರಿ 40 ಮಿನಿಟ್ ಬಂದದ್ದು ಅದಕ್ಕೇ. ಟೈರ್‌ನ ಮೊದಲ ಗುರುತಿನ ಮೂಲ ಇದು.

ತರಿಸಿದ ಸಾಮಾನು

ಕೆಳ ಬಾಲ್ ಜಾಯಿಂಟ್ 2, ಮೇಲಿನ ಆರ್ಮ್ ಬುಶ್ 4, ಐಡ್ಲರ್ ಆರ್ಮ್ ಬ್ರ್ಯಾಕೆಟ್ ಸಮೇತ 1, ಒಳ ಟೈ ರಾಡ್ ಎಂಡ್ 2, ಎಡ ಹೊರ ಎಂಡ್ 1, ಹಬ್ ಸೀಲ್ 2, ಕಾಟರ್ ಪಿನ್ 11, ಎಪಿ-3 ಗ್ರೀಸ್ ಅರ್ಧ ಕೆ.ಜಿ. ಹೊರ ಎಂಡ್ ಹೊಸದೇ ಆಗಿತ್ತು, ಆದರೆ ಹಿಂದೆ ಯಾರೋ ಕವಲು ಉಳಿ ಹೊಡೆದು ಜಾಯಿಂಟ್ ಬಿಡಿಸುವಾಗ ಟೋಪಿ ಹರಿದಿದ್ದರು. ಮಣ್ಣು ಹೊಕ್ಕ ಜಾಯಿಂಟ್‌ಗೆ ಬರೀ ಟೋಪಿ ಹಾಕಿದರೆ ಮಣ್ಣಿಗೆ ಮುಚ್ಚಳ ಹಾಕಿದಂತೆ. ಮೇಲಿನ ಜಾಯಿಂಟ್‌ಗಳನ್ನು ಬಿಟ್ಟದ್ದು ಉದ್ದೇಶಪೂರ್ವಕ. ಬಿಚ್ಚಿದ್ದೇವೆ ಅಂತ ಎಲ್ಲವನ್ನೂ ಬದಲಿಸುವುದು ಮಾಲೀಕನ ಜೇಬಿಗೆ ಅನ್ಯಾಯ. ಬಲ ಕೆಳ ಜಾಯಿಂಟ್ ಅನ್ನು ಮಾತ್ರ, 1.2 ಮಿ.ಮೀ. ಇದ್ದರೂ, ಜೊತೆಗೇ ತೆಗೆದರು: ಎಡದಷ್ಟೇ ಓಡಿದೆ, ಅದು ಕಳಚಿದರೆ ಚಕ್ರ ಮಡಚಿ ಬೀಳುತ್ತದೆ.

ಪುಣೆಯಲ್ಲಿ ಸ್ಪೇರ್ ಎಂದರೆ ನಾನಾ ಪೇಠ. ಅಲ್ಲಿ ಒಂದೇ ಜಾಯಿಂಟ್ ಮೂರು ದರಕ್ಕೆ ಸಿಗುತ್ತದೆ. ಕೈಯಲ್ಲಿ ಹಿಡಿದು ಪಿನ್ ಅಲ್ಲಾಡಿಸಿ ನೋಡಿ: ಹೊಸ ಜಾಯಿಂಟ್ ಮೊದಲು ಗಡುಸಾಗಿ ತಡೆದು, ಆಮೇಲೆ ಒಂದೇ ಬಿಗಿಯಲ್ಲಿ ತಿರುಗಬೇಕು. ಸಡಿಲವಾಗಿ ಜೋಲಿದರೆ ಅಥವಾ ನಡುನಡುವೆ ಹಿಡಿದು ಬಿಟ್ಟರೆ ಬೇಡ. ಹಳೆಯ ಪಿನ್ ಜೊತೆಗಿಟ್ಟು ಟೇಪರ್ (ಪಿನ್ ತುದಿಗೆ ಹೋದಂತೆ ಕಿರಿದಾಗುವ ಇಳಿಜಾರು) ಮತ್ತು ನೂಲಿನ ಉದ್ದ ಹೋಲಿಸಿಯೇ ದುಡ್ಡು ಕೊಡಿ.

ಬಿಚ್ಚಿ ಕಟ್ಟಿದ ಕ್ರಮ

ಗಾಡಿಯನ್ನು ಚಾಸಿಯ ಕೆಳಗೆ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಲಾಯಿತು. ಇಟ್ಟಿಗೆ, ಮರದ ತುಂಡು ಈ ಕೆಲಸಕ್ಕಲ್ಲ. ಟಾರ್ಶನ್ ಬಾರ್ ತಿರುಚಿ ಹಿಡಿದಿರುವ ಶಕ್ತಿ ಕೈ ಮುರಿಯುವಷ್ಟಿದೆ. ಆಂಕರ್ ಬೋಲ್ಟ್‌ನ ಹೊರಗಿನ ಉದ್ದ ಅಳೆದು ಬರೆದು, ಬಾರ್, ಆಂಕರ್ ಮತ್ತು ಆರ್ಮ್ ಮೂರಕ್ಕೂ ಸೇರಿ ಒಂದೇ ಗೆರೆ ಬರುವಂತೆ ಪೇಂಟ್ ಹಾಕಿ, ಕೆಳ ಆರ್ಮ್‌ಗೆ ಜ್ಯಾಕ್ ಕೊಟ್ಟುಕೊಂಡು ಬೋಲ್ಟ್ ಪೂರ್ತಿ ಸಡಿಲಿಸಿದರು. ಎಡ-ಬಲದ ಬಾರ್‌ಗಳನ್ನು ಅದಲುಬದಲು ಮಾಡಬಾರದು, ತಯಾರಾಗುವಾಗಲೇ ಅವುಗಳನ್ನು ಒಂದೊಂದು ದಿಕ್ಕಿಗೆ ತಿರುಚಿರುತ್ತಾರೆ. ಬಾರ್ ಮೇಲೆ ಪೈಪ್ ಪಾನಾ ಹಾಕಿದರೆ ಬೀಳುವ ಗೀರು ಬಿರುಕಿನ ಬೀಜ.

ಟೇಪರ್ ಪಿನ್ ಬಿಡಿಸಲು ನೂಲಿನ ತಲೆಗೆ ಸುತ್ತಿಗೆ ಹೊಡೆಯುವುದು ಬೀದಿಯ ಪದ್ಧತಿ. ನಟ್ ಅನ್ನು ಎರಡು ಸುತ್ತು ಸಡಿಲಿಸಿ ಅಲ್ಲೇ ಬಿಟ್ಟು, ಪುಲ್ಲರ್ ಬಿಗಿದು, ನಕಲ್‌ನ (ಚಕ್ರವನ್ನು ಹೊತ್ತು ಅದರ ಜೊತೆ ತಿರುಗುವ ಲೋಹದ ತುಂಡಿನ) ಕಣ್ಣಿನ ಪಕ್ಕಕ್ಕೆ ಒಂದು ಪೆಟ್ಟು ಕೊಟ್ಟರೆ ಟೇಪರ್ ಟಪ್ ಎಂದು ಬಿಡುತ್ತದೆ. ಹೊಸ ಪಿನ್ ಕೂರಿಸುವ ಮೊದಲು ತೂತನ್ನು ಒಣಬಟ್ಟೆಯಲ್ಲಿ ಒರೆಸಿ, ಪಿನ್ ಉದ್ದಕ್ಕೂ ಪೆನ್ಸಿಲ್ ಗೆರೆ ಎಳೆದು, ಕೂರಿಸಿ ತಿರುವಿ ತೆಗೆದು ನೋಡಿದರು. ಗೆರೆಗಳು ಸುತ್ತಲೂ ಅಳಿಸಿರಬೇಕು. ಒಂದು ಕಡೆಯಷ್ಟೇ ಅಳಿಸಿದ್ದರೆ ತೂತು ಸವೆದು ಮೊಟ್ಟೆಯಾಕಾರ ಆಗಿದೆ, ನಕಲ್ ಬದಲಿಸದೆ ಗತಿಯಿಲ್ಲ. ಇಲ್ಲಿ ನಾಲ್ಕೂ ಕಡೆ ಸರಿಯಿತ್ತು. ಟೇಪರ್‌ಗೆ ಗ್ರೀಸ್ ಹಚ್ಚಬಾರದು. ಅದು ಒಣಗಿದ್ದೇ ಹಿಡಿಯಬೇಕು. ಟೈ ರಾಡ್ ಎಂಡ್ ನಟ್‌ಗಳನ್ನು ಸುಮಾರು 50, ಕೆಳ ಬಾಲ್ ಜಾಯಿಂಟ್ ನಟ್‌ಗಳನ್ನು 120 ನ್ಯೂಟನ್ ಮೀಟರ್‌ಗೆ ಬಿಗಿದರು; ಮಾಡೆಲ್‌ಗೆ ಮಾಡೆಲ್ ಅಂಕಿ ಬೇರೆಯಾದ್ದರಿಂದ ನಿಮ್ಮ ಗಾಡಿಯ ಕೈಪಿಡಿಯೇ ಅಂತಿಮ. ಪಿನ್‌ನ ತೂತು ನಟ್‌ನ ಕಚ್ಚಿಗೆ ಬಾರದಿದ್ದರೆ ಮುಂದಕ್ಕೆ ಬಿಗಿಯಬೇಕು, ಹಿಂದಕ್ಕೆ ಬಿಡಬಾರದು.

ಟೈ ರಾಡ್‌ನ ಒಂದು ತುದಿ ಎಡನೂಲು, ಇನ್ನೊಂದು ಬಲನೂಲು. ಎರಡೂ ಕಡೆಯ ರಾಡ್‌ಗಳನ್ನು ಒಂದೇ ಉದ್ದಕ್ಕೆ ಕಟ್ಟಲಾಯಿತು. ಹಿಂದಿನ ಅಲೈನ್‌ಮೆಂಟ್‌ಗಳಲ್ಲಿ ಒಂದೇ ಕಡೆ ತಿರುಗಿಸಿ ಟೋ ಹೊಂದಿಸಿದ್ದರಿಂದ ಅವುಗಳ ನಡುವೆ 11 ಮಿ.ಮೀ. ಅಂತರವಿತ್ತು. ಗಾಡಿ ನೇರ ಹೋಗುವಾಗ ಬಾಕ್ಸ್ ತನ್ನ ನಡುಬಿಂದುವಿನಲ್ಲಿ ಇರುತ್ತಿರಲಿಲ್ಲ. ನಡುಬಿಂದುವಿನಲ್ಲಷ್ಟೇ ಅದರ ಹಲ್ಲುಗಳು ಬಿಗಿ, ಪಕ್ಕಕ್ಕೆ ಸರಿದರೆ ಸಡಿಲ. ಬಾಕ್ಸ್ ಸವೆದಿದೆ ಎಂಬ ಗುಮಾನಿಯ ಅರ್ಧ ಇಲ್ಲಿಂದ ಹುಟ್ಟಿದ್ದು.

ಹಳೆಯ ಬುಶ್‌ಗಳನ್ನು ಗ್ಯಾಸ್ ಹಚ್ಚಿ ಸುಡದೆ ಪ್ರೆಸ್‌ನಲ್ಲಿ ಒತ್ತಿ ತೆಗೆದರು. ಹೊಸದಕ್ಕೆ ಸೋಪಿನ ನೀರು ಸಾಕು. ಗ್ರೀಸ್, ಡೀಸೆಲ್ ತಾಗಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ. ಈಗ ಆ ಉಳಿದ ಮಾತು. ಈ ಬುಶ್‌ನ ರಬ್ಬರ್ ಒಳಕೊಳವೆಗೂ ಹೊರಕೊಳವೆಗೂ ಅಂಟಿರುತ್ತದೆ. ಬೋಲ್ಟ್ ಬಿಗಿದ ಮೇಲೆ ಒಳಕೊಳವೆ ಚಾಸಿಗೆ ಕಚ್ಚಿಕೊಳ್ಳುತ್ತದೆ, ಆರ್ಮ್ ಏರಿಳಿದಾಗ ರಬ್ಬರ್ ತಿರುಚಿ ಮತ್ತೆ ಮೂಲಕ್ಕೆ ಬರುತ್ತದೆ. ಚಕ್ರ ಜೋತುಬಿದ್ದಿರುವಾಗ ಬಿಗಿದರೆ ಆ ಜೋತುಬಿದ್ದ ಸ್ಥಿತಿಯೇ ಮೂಲವಾಗುತ್ತದೆ. ಗಾಡಿ ನೆಲಕ್ಕಿಳಿದ ಕೂಡಲೇ ರಬ್ಬರ್ ತಿರುಚಿಕೊಂಡು ನಿಲ್ಲುತ್ತದೆ, ತಗ್ಗು ಬಂದಾಗ ಇನ್ನೂ ತಿರುಚುತ್ತದೆ. ಅದಕ್ಕೇ ಹಳೆಯವು ವರ್ಷದೊಳಗೆ ಕಿತ್ತವು. ಈ ಸಲ ಬೋಲ್ಟ್‌ಗಳನ್ನು ಕೈಬಿಗಿ ಮಾತ್ರ ಮಾಡಿ, ಚಕ್ರ ಹಾಕಿ, ಗಾಡಿ ಇಳಿಸಿ, ಎತ್ತರ ಸರಿಮಾಡಿ, ಮುಂದೆ ಹಿಂದೆ ತಳ್ಳಿ ಬಂಪರ್ ಮೇಲೆ ಕುಪ್ಪಳಿಸಿ, ಆಮೇಲೆ ಗುಂಡಿಯೊಳಗಿಂದ ಕೊನೆಯ ಬಿಗಿ ಕೊಡಲಾಯಿತು. ಕೈ ಹೋಗದ ಜಾಗ, ಬೈಗುಳ ಬರುವ ಕೆಲಸ, ಬಿಡುವಂತಿಲ್ಲ.

ಬೇರಿಂಗ್ ತೊಳೆದು ಗ್ರೀಸ್ ತುಂಬಿ, ಹಬ್ ತಿರುಗಿಸುತ್ತ ನಟ್ ಬಿಗಿದು, ಕಾಲು ಸುತ್ತಿನಷ್ಟು ಹಿಂದಕ್ಕೆ ಬಿಟ್ಟು ಲಾಕ್ ಮಾಡಿದರು, ಡಯಲ್‌ನಲ್ಲಿ 0.05 ಮಿ.ಮೀ.

ಬಾಕ್ಸ್

ಬಾಕ್ಸ್ ಮುಟ್ಟಿದ್ದು ಕೊನೆಗೆ. ಲಿಂಕೇಜ್ ಬಿಚ್ಚಿದ್ದಾಗಲೇ ಪಿಟ್‌ಮನ್ ಬಿಡಿಸಿ ಸ್ಟೇರಿಂಗ್ ತಿರುಗಿಸಿ ನೋಡಿದ್ದರು: ನಡುವಿನಲ್ಲಿ ಗಟ್ಟಿಯಾಗಿ ಹಿಡಿಯುತ್ತಿತ್ತು. ಹಲ್ಲುಗಳ ಬಿಗಿ ಹೊಂದಿಸುವ ಮೇಲಿನ ಅಡ್ಜಸ್ಟರ್ ಅನ್ನು ಮೊದಲಿನವರು ಪ್ಲೇ ಹೋಗಲೆಂದು ಅತಿಯಾಗಿ ಬಿಗಿದಿದ್ದರು. ಪ್ಲೇ ಇದ್ದದ್ದು ಐಡ್ಲರ್‌ನಲ್ಲಿ, ಹಾಗಾಗಿ ಅದು ಹೋಗಲಿಲ್ಲ. ತಿರುವಿನ ನಂತರ ಸ್ಟೇರಿಂಗ್ ವಾಪಸ್ ಬರುವ ಗುಣ ಮಾತ್ರ ಹೋಯಿತು. ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಸುತ್ತು ಎಣಿಸಿ ನಡುಬಿಂದು ಹಿಡಿದು, ಲಾಕ್ ನಟ್ ಸಡಿಲಿಸಿ, ಅಡ್ಜಸ್ಟರ್ ಅನ್ನು ಕಾಲು ಸುತ್ತು ಹಿಂದಕ್ಕೆ ಬಿಟ್ಟು, ಅಲ್ಲಿಂದ ಎಂಟನೇ ಒಂದು ಸುತ್ತಿಗಿಂತಲೂ ಕಡಿಮೆ ಹೆಜ್ಜೆಗಳಲ್ಲಿ, ನಡುವಿನಲ್ಲಿ ತುಸು ತಡೆ ಬರುವವರೆಗೆ ಬಿಗಿದು ಲಾಕ್ ಮಾಡಿದರು. ಅಡ್ಜಸ್ಟರ್‌ನ ಆಚೆಗೆ ಬಾಕ್ಸ್‌ಗೆ ಬೇರೆ ಯಾವ ರಿಪೇರಿಯೂ ಬೇಕಾಗಲಿಲ್ಲ.

ಅಳತೆ

ಮೊದಲು ಟೈರ್ ಗಾಳಿ, ಆಮೇಲೆ ಎತ್ತರ. ಎಡ ಆಂಕರ್ ಬೋಲ್ಟ್ ಬಿಗಿಯುತ್ತ ಎರಡೂ ಕಡೆಯ ಎತ್ತರದ ವ್ಯತ್ಯಾಸವನ್ನು 3 ಮಿ.ಮೀ. ಒಳಗೆ ತಂದರು. ಬುಶ್‌ಗಳ ಕೊನೆಯ ಬಿಗಿ ಆದ ನಂತರವೇ ಅಲೈನ್‌ಮೆಂಟ್. ಮೇಲಿನ ಆರ್ಮ್‌ನ ಶಿಮ್‌ಗಳಿಂದ (ತೆಳು ತಗಡುಗಳಿಂದ) ಕ್ಯಾಸ್ಟರ್ (ಚಕ್ರ ಹೊರಳುವ ಅಕ್ಷದ ಹಿಂದು-ಮುಂದಿನ ವಾಲು) ಮತ್ತು ಕ್ಯಾಂಬರ್, ಕೊನೆಗೆ ಟೋ. ಟೋ ಮೊದಲು ಮಾಡಿದರೆ ಕ್ಯಾಂಬರ್ ಮುಟ್ಟಿದಾಗ ಅದು ಮತ್ತೆ ಕೆಡುತ್ತದೆ. ಬಂದ ಅಂಕಿಗಳು: ಕ್ಯಾಂಬರ್ ಎಡ ಮೈನಸ್ 10 ಮಿನಿಟ್, ಬಲ ಪ್ಲಸ್ 5, ಕ್ಯಾಸ್ಟರ್ ಎರಡೂ ಕಡೆ ಪ್ಲಸ್ 2 ಡಿಗ್ರಿ 20 ಮಿನಿಟ್ ಆಸುಪಾಸು, ಟೋ-ಇನ್ 2 ಮಿ.ಮೀ. ಟೈರ್ ಜಗ್ಗಿ ಅಳೆದಾಗ 1 ಮಿ.ಮೀ.ಗಿಂತ ಹೆಚ್ಚು ಕದಲಲಿಲ್ಲ. ಸ್ಟೇರಿಂಗ್ ಅಂಚಿನ ಪ್ಲೇ 70ರಿಂದ 20 ಮಿ.ಮೀ.ಗೆ ಇಳಿಯಿತು.

ಮಾಲ್ ಇದ್ದಾಗ ಹೆಚ್ಚು ಓಲಾಡುವುದಕ್ಕೆ ಹಿಂಭಾಗದ ಪಾಲೂ ಇತ್ತು. ಎಡ ಹಿಂದಿನ ಪಟ್ಟಾದ (ಪಟ್ಟಿ ಸ್ಪ್ರಿಂಗ್‌ನ) ಯು-ಬೋಲ್ಟ್ ನಟ್‌ಗಳು ಅರ್ಧ ಸುತ್ತು ಸಡಿಲ, ಪಟ್ಟಾದ ತುದಿಯ ಕೊಂಡಿಯಾದ ಶ್ಯಾಕಲ್‌ನ ಬುಶ್ ಸವೆದಿತ್ತು. ಹಿಂದಿನ ಆಕ್ಸಲ್ ಓರೆಯಾದರೆ ಅದೂ ಸ್ಟೇರಿಂಗ್ ಮಾಡುತ್ತದೆ, ಚಾಲಕ ಮುಂಭಾಗವನ್ನು ಬೈಯುತ್ತಾನೆ. ಅದರ ಮೇಲೆ ಹೆಚ್ಚು ಭಾರ ಹೇರಿದರೆ ಹಿಂದೆ ಕುಸಿದು ಮೂತಿ ಎದ್ದು, ಮುಂಚಕ್ರಗಳ ಮೇಲಿನ ಭಾರ ಕಡಿಮೆಯಾಗಿ ಹಿಡಿತ ಹಗುರಾಗುತ್ತದೆ. ಯು-ಬೋಲ್ಟ್ ಬಿಗಿದು ಬುಶ್ ಬದಲಿಸಲಾಯಿತು. ಲಿಂಬೆಚೀಲಗಳನ್ನು ಹಿಂದಿನ ಡಾಲೆಗೆ (ಹಿಂಬಾಗಿಲಿಗೆ) ಒತ್ತಿ ತುಂಬದೆ ಕ್ಯಾಬಿನ್ ಕಡೆಯಿಂದ ತುಂಬುತ್ತ ಬರಬೇಕು ಎಂದು ಚಾಲಕನಿಗೆ ಹೇಳಿದರು. ಆತ ಒಪ್ಪಿದ, ಹಮಾಲರು ಒಪ್ಪುತ್ತಾರೋ ನೋಡಬೇಕು.

ಹೋಗಿ ಬಂದ ಮೊದಲ ಪಾಳಿಯ ನಂತರ, 700 ಕಿ.ಮೀ. ಆಸುಪಾಸಿನಲ್ಲಿ, ಗಾಡಿ ಮತ್ತೆ ಗುಂಡಿಗೆ ಬಂತು. ಐಡ್ಲರ್ ಬ್ರ್ಯಾಕೆಟ್‌ನ ಒಂದು ಬೋಲ್ಟ್ ತುಸು ಬಿಗಿ ತೆಗೆದುಕೊಂಡಿತು, ಉಳಿದವು ಹಾಗೇ ಇದ್ದವು. ಎಡಗಡೆ 4 ಮಿ.ಮೀ. ಕುಳಿತಿದ್ದರಿಂದ ಆಂಕರ್ ಬೋಲ್ಟ್ ಅನ್ನು ಅರ್ಧ ಸುತ್ತು ಏರಿಸಿ ಟೋ ಮತ್ತೆ ನೋಡಿದರು, 2 ಮಿ.ಮೀ.ಯೇ ಇತ್ತು. ಮೇಲಿನ ಬಾಲ್ ಜಾಯಿಂಟ್‌ಗಳು ಹಳೆಯವೇ ಆದ್ದರಿಂದ ಪ್ರತಿ 10,000 ಕಿ.ಮೀ.ಗೆ ಅವುಗಳ ಟೋಪಿ ನೋಡಬೇಕೆಂದು, ಗ್ರೀಸ್ ನಿಪ್ಪಲ್ ಇರುವ ಐಡ್ಲರ್‌ಗೆ ಪ್ರತಿ ಆಯಿಲ್ ಬದಲಾವಣೆಯ ಹೊತ್ತಿಗೆ ಟೋಪಿ ಉಬ್ಬದಂತೆ ಎರಡು ಮೂರು ಒತ್ತು ಗ್ರೀಸ್ ಕೊಡಬೇಕೆಂದು ಕಾರ್ಡಿನಲ್ಲಿ ಬರೆದುಕೊಟ್ಟರು. ತಂತಿ ಕಂಡ ಎಡ ಟೈರ್ ಅನ್ನು ಸ್ಟೆಪ್ನಿಯಾಗಿಯೂ ಇಡಬಾರದು ಎಂದು ತೆಗೆಸಲಾಯಿತು.